ಮೂರು ದಿನ ಹಾಲು ನಿಲ್ಲಿಸಿ ಎಂದದ್ದು

ಹೋದ ತಿಂಗಳು ನಂಗವಳ್ಳಿಯ ನಮ್ಮ ಬೀದಿಯ ಹುಡುಗಿಯೊಬ್ಬಳು ಗ್ರಾಮ ಆರೋಗ್ಯ ನರ್ಸ್ ಕೆಲಸಕ್ಕೆ ಆಯ್ಕೆಯಾಗಿ ನನ್ನನ್ನು ನೋಡಲು ಬಂದಿದ್ದಳು. ಕೆಲಸ ಹೇಗಿರುತ್ತದೆ ಅಕ್ಕಾ ಎಂದು ಕೇಳಿದಳು. ಕಾಫಿ ಕೊಟ್ಟೆ. ಗಟ್ಟಿ ಚಪ್ಪಲಿ ಕೊಂಡುಕೋ, ದಿನಾ ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಊಟ ಮಾಡು, ಲಸಿಕೆಯ ಪೆಟ್ಟಿಗೆಯನ್ನು ಬಸ್ಸಿನ ಇಂಜಿನ್ ಪಕ್ಕದಲ್ಲಿ ಇಡಬೇಡ ಎಂದೆ. ಅವಳು ತಲೆಯಾಡಿಸಿ ಹೋದಳು. ಹೋದ ಮೇಲೆ, ಹೇಳಬೇಕಾಗಿದ್ದ ಒಂದು ಮಾತನ್ನು ಹೇಳಲೇ ಇಲ್ಲ ಅನ್ನಿಸಿತು. ಅದನ್ನು ಬಾಯಲ್ಲಿ ಹೇಳುವುದು ಕಷ್ಟ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಕನ್ನಡದವರಾದರೂ ಇರುವುದು ತಮಿಳು ಸೀಮೆಯಲ್ಲಿ, ನನ್ನ ಓದೆಲ್ಲ ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿಸಿದ್ದು ಕೊಳ್ಳೇಗಾಲದ ಕಡೆ ಓದಿ ಬಂದಿದ್ದ ನನ್ನ ಸೋದರಮಾವ. ಆ ಹುಡುಗಿಗೆ ಮನೆಮಾತು ಕನ್ನಡವೇ ಆದರೂ ಓದಲು ಬರುವುದಿಲ್ಲ. ಕೂರಿಸಿಕೊಂಡು ನಾನೇ ಓದಿ ಹೇಳಬೇಕು.

ನನ್ನ ಮೊದಲ ಪೋಸ್ಟಿಂಗ್ ಪಾಲಕೋಡ್ ಕಡೆಯ ಒಂದು ಉಪಕೇಂದ್ರ. ಕೇಂದ್ರವೆಂದರೆ ಒಂದು ಕೋಣೆ, ಒಂದು ಮಂಚ, ತೂಕ ನೋಡುವ ತಕ್ಕಡಿ. ಅದರಡಿಯಲ್ಲಿ ಏಳು ಊರುಗಳು. ನಾಲ್ಕಕ್ಕೆ ಬಸ್ಸು ಇರಲಿಲ್ಲ. ಟೊಮೆಟೊ ತುಂಬಿದ ಲಾರಿಗಳು ಸಿಕ್ಕರೆ ಹತ್ತುತ್ತಿದ್ದೆ, ಸಿಗದಿದ್ದರೆ ನಡೆಯುತ್ತಿದ್ದೆ. ಆಗ ಸಿರಿಂಜುಗಳನ್ನು ಕುದಿಸಿ ಬಳಸುತ್ತಿದ್ದ ಕಾಲ ಮುಗಿಯುತ್ತಾ ಬಂದಿತ್ತು. ಲೆಕ್ಕವೆಲ್ಲ ರಿಜಿಸ್ಟರಿನಲ್ಲೇ. ಬಸುರಿಯರದು ಒಂದು, ಬಾಣಂತಿಯರದು ಒಂದು, ಮಕ್ಕಳದು ಒಂದು. ನನ್ನ ಮೇಲಿನವರು ರಾಜಾಮಣಿ ಎಂಬ ಸೆಕ್ಟರ್ ನರ್ಸ್. ಅವರು ಊರಿಗೆ ಬಂದರೆ ಮಗುವಿನ ಮುಖ ನೋಡುವ ಮೊದಲು ರಿಜಿಸ್ಟರ್ ನೋಡುತ್ತಿದ್ದರು. ಕೆಟ್ಟವರೇನಲ್ಲ. ಅವರ ಮೇಲಿನವರೂ ಅವರನ್ನು ಹಾಗೆಯೇ ನೋಡುತ್ತಿದ್ದರು.

ಏಳು ಊರುಗಳಲ್ಲಿ ಕಡೆಯದು ಒಂದು ಸಣ್ಣ ಹಟ್ಟಿ. ಕುರಿ ಸಾಕುವ, ರಾಗಿ ಬೆಳೆಯುವ ಕನ್ನಡದ ಕುಟುಂಬಗಳು. ನಾನು ಮೊದಲ ದಿನ ಹೋಗಿ ಕನ್ನಡದಲ್ಲಿ ಮಾತಾಡಿದಾಗ ಹೆಂಗಸರೆಲ್ಲ ಕೆಲಸ ಬಿಟ್ಟು ಬಂದು ನಿಂತರು. ಅವರಿಗೆಲ್ಲ ತಮಿಳು ಬರುತ್ತಿತ್ತು. ಆದರೆ ಮುಟ್ಟು, ಬಸುರು, ಬಾಣಂತನದ ಮಾತುಗಳನ್ನು ತಮಿಳಿನಲ್ಲಿ ಆಡಲು ಅವರಿಗೆ ನಾಚಿಕೆ.

ಆ ಹಟ್ಟಿಯಲ್ಲಿ ಚಿಕ್ಕತಾಯಿ ಎಂಬ ಹುಡುಗಿಗೆ ಚೊಚ್ಚಲ ಹೆರಿಗೆಯಾಯಿತು. ಅವಳ ಗಂಡ ಮಾದಪ್ಪ ಪಾಲಕೋಡಿನ ತರಕಾರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಕುರಿಗಳನ್ನು ನೋಡುತ್ತಿದ್ದವಳು ಅತ್ತೆ ಕರಿಯಮ್ಮ. ನಾನು ಹೋದಾಗ ಕರಿಯಮ್ಮ ಸೊಸೆಯ ಎದೆಯಿಂದ ಬಂದ ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ನೆಲಕ್ಕೆ ಹಾಕುತ್ತಿದ್ದಳು. ಮಗುವಿನ ನಾಲಿಗೆಗೆ ಆಗಲೇ ಸಕ್ಕರೆ ನೀರು ಸವರಿಯಾಗಿತ್ತು. ಅದನ್ನು ಅಲ್ಲಿ ಸೇನೈ ಇಡುವುದು ಎನ್ನುತ್ತಾರೆ. ಮನೆತನದಲ್ಲಿ ಒಳ್ಳೆಯ ಗುಣದ ಹಿರಿಯರು ಇಟ್ಟರೆ ಮಗುವಿಗೂ ಆ ಗುಣ ಬರುತ್ತದೆಂಬ ನಂಬಿಕೆ. ಕತ್ತೆ ಹಾಲು ಮಾರುವವಳಿಗೂ ಹೇಳಿ ಕಳಿಸಿದ್ದರು.

ನಾನು ತರಬೇತಿಯಲ್ಲಿ ಕಲಿತದ್ದನ್ನು ಒಪ್ಪಿಸಿದೆ. ಮೊದಲ ಹಾಲು ಚೆಲ್ಲಬಾರದು, ಅದು ಮಗುವಿಗೆ ಒಳ್ಳೆಯದು ಎಂದೆ. ಅದರಲ್ಲಿ ಅಂಥಾದ್ದೇನಿದೆ ಎಂದು ಕರಿಯಮ್ಮ ಕೇಳಿದಳು. ಸತ್ವ ಇದೆ, ವಿಟಮಿನ್ ಇದೆ ಎಂದೆ. ನಾಲ್ಕು ತೊಟ್ಟಿನಲ್ಲಿ ಯಾವ ಸತ್ವ ಎಂದು ಅವಳು ನಕ್ಕಳು. ಪುಸ್ತಕದಲ್ಲಿ ‘ರೋಗ ನಿರೋಧಕ ಶಕ್ತಿ’ ಎಂದು ಒಂದು ಸಾಲಿತ್ತು. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ, ಅಷ್ಟೇ. ಮೂರನೆಯ ದಿನದಿಂದ ಚಿಕ್ಕತಾಯಿ ಹಾಲು ಕೊಟ್ಟಳು. ಮಗು ಹೆಣ್ಣು, ಚೆನ್ನಾಗಿಯೇ ಬೆಳೆಯಿತು.

ಮಗುವಿಗೆ ಎರಡೂವರೆ ತಿಂಗಳಾಗಿದ್ದಾಗ ಹಟ್ಟಿಯ ನೀರಿನ ತೊಟ್ಟಿ ಕೆಟ್ಟಿತು. ಮನೆಮನೆಯಲ್ಲೂ ವಾಂತಿ, ಭೇದಿ. ನಾನು ಉಪ್ಪು-ಸಕ್ಕರೆಯ ಪೊಟ್ಟಣಗಳನ್ನೂ ಕ್ಲೋರಿನ್ ಪುಡಿಯನ್ನೂ ಹೊತ್ತು ದಿನವೂ ಹೋಗುತ್ತಿದ್ದೆ. ಮೂರನೆಯ ದಿನ ಚಿಕ್ಕತಾಯಿಯೂ ಮಲಗಿದಳು. ಒಳಗೆ ಅವಳು ಜ್ವರದಲ್ಲಿ ಕಣ್ಣು ಮುಚ್ಚಿಕೊಂಡಿದ್ದಳು. ಕರಿಯಮ್ಮ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದು ಕೇಳಿದಳು:

“ನರ್ಸಮ್ಮ, ಇವ್ಳಿಗೆ ಇಂಗೆ ಓಯ್ತಾ ಐತೆ. ಮಗೀಗೆ ಆಲು ಕೊಡಬೌದಾ?”

ಇನ್ನೂ ಐದು ಮನೆ ಬಾಕಿ ಇತ್ತು. ನಾನು ನಿಂತುಕೊಂಡೇ ಹೇಳಿದೆ: “ಬೇಡ ಅವ್ವ. ತಾಯಿ ಕಾಯಿಲೆ ಹಾಲಲ್ಲಿ ಮಗೂಗೂ ಬರುತ್ತೆ. ಮೂರು ದಿನ ನಿಲ್ಲಿಸಿ. ಅಲ್ಲೀವರೆಗೂ ಡಬ್ಬಿ ಹಾಲು ಕೊಡಿ.”

ಅದನ್ನು ನನಗೆ ಯಾರೂ ಕಲಿಸಿರಲಿಲ್ಲ. ಯಾವ ಪುಸ್ತಕದಲ್ಲೂ ಇರಲಿಲ್ಲ. ನನ್ನ ತಲೆಗೆ ಸರಿ ಎನ್ನಿಸಿತು, ಬಿಳಿ ಸೀರೆ ಉಟ್ಟಿದ್ದೆ, ಹೇಳಿದೆ. ಕರಿಯಮ್ಮ ಮಗನಿಗೆ ಹೇಳಿ ಪಾಲಕೋಡಿನಿಂದ ಡಬ್ಬಿಯನ್ನೂ ಬಾಟಲಿಯನ್ನೂ ತರಿಸಿದಳು. ನೀರನ್ನು ಕಾಯಿಸಿಯೇ ಬೆರೆಸಿದಳು. ಬಾಟಲಿಯನ್ನು ತೊಳೆದದ್ದು ಮಾತ್ರ ತೊಟ್ಟಿಯ ನೀರಿನಲ್ಲಿ.

ಎರಡನೆಯ ದಿನ ಮಗುವಿಗೆ ಭೇದಿ ಶುರುವಾಯಿತು. ಮೂರನೆಯ ದಿನ ಬೆಳಿಗ್ಗೆ ನಾನು ಹೋದಾಗ ಮಗುವಿನ ನೆತ್ತಿ ಕುಳಿಬಿದ್ದಿತ್ತು, ಅಳುವಾಗ ಕಣ್ಣೀರು ಬರುತ್ತಿರಲಿಲ್ಲ. ಕರಿಯಮ್ಮ, ನಾನು, ಮಾದಪ್ಪ ಮೂವರೂ ಬಸ್ಸು ಹಿಡಿದು ದೊಡ್ಡ ಆಸ್ಪತ್ರೆಗೆ ಹೋದೆವು. ಚಿಕ್ಕತಾಯಿಗೆ ಎದ್ದು ನಿಲ್ಲುವ ಶಕ್ತಿ ಇರಲಿಲ್ಲ. ಅವಳು ಗೋಡೆ ಹಿಡಿದು ಬಾಗಿಲವರೆಗೆ ಬಂದು ನೋಡುತ್ತಾ ನಿಂತಳು.

ಮಧ್ಯಾಹ್ನ ಎರಡು ಗಂಟೆಗೆ ಮಗು ಹೋಯಿತು.

ಅಲ್ಲಿದ್ದ ಡಾಕ್ಟರ್ ವಯಸ್ಸಾದವರು. ಅವರಿಗೂ ದುಃಖವಾಗಿತ್ತು. ಬಾಟಲಿ ನೋಡಿ, ತಾಯಿಯ ಹಾಲನ್ನು ಯಾಕೆ ನಿಲ್ಲಿಸಿದಿರಿ, ಈ ಬುದ್ಧಿ ಯಾರದು ಎಂದು ಕರಿಯಮ್ಮನನ್ನು ಕೇಳಿದರು. ಮುದುಕಿಯರ ಮಾತಿನಿಂದಲೇ ಮಕ್ಕಳು ಸಾಯುವುದು ಎಂದರು. ಮಾದಪ್ಪ ಪಕ್ಕದಲ್ಲೇ ಇದ್ದ. ಕರಿಯಮ್ಮ ತಿರುಗಿ ನನ್ನ ಮುಖ ನೋಡಿದಳು. ನಾನು ಹೇಳಲಿ ಎಂದು ಕಾದಳು. ನಾನು ತಲೆ ತಗ್ಗಿಸಿದೆ. ಅವಳು ಇನ್ನೊಂದು ಕ್ಷಣ ಕಾದು, ಮಗುವಿನ ಬಟ್ಟೆ ಮಡಿಸಲು ಕುಳಿತಳು. ನನ್ನ ಹೆಸರು ಎತ್ತಲಿಲ್ಲ.

ಮಗು ಸತ್ತರೆ ವಿಚಾರಣೆಯ ಫಾರಂ ತುಂಬಬೇಕು. ಅದರಲ್ಲಿ ಹಾಲಿನ ಬಗ್ಗೆ ಒಂದು ಕಾಲಂ ಇತ್ತು. ‘ಮನೆಯ ಹಿರಿಯರು ತಾಯಿಯ ಹಾಲು ನಿಲ್ಲಿಸಿದ್ದಾರೆ’ ಎಂದು ತಮಿಳಿನಲ್ಲಿ ಬರೆದೆ. ನನ್ನ ಅಕ್ಷರ ದುಂಡಗಿದೆ ಎಂದು ರಾಜಾಮಣಿ ಅಮ್ಮ ಯಾವಾಗಲೂ ಹೊಗಳುತ್ತಿದ್ದರು. ಓದಿ ಸಹಿ ಹಾಕಿದರು. ಆರು ತಿಂಗಳಲ್ಲಿ ವರ್ಗಾವಣೆ ಕೇಳಿಕೊಂಡು ಎಡಪ್ಪಾಡಿಗೆ ಹೋದೆ. ತವರಿಗೆ ಹತ್ತಿರ ಎಂದು ಕಾರಣ ಬರೆದಿದ್ದೆ.

ಎಡಪ್ಪಾಡಿಯಲ್ಲಿ ಕೆಲಸ ಬೇರೆ ಥರ. ಮನೆಮನೆಯಲ್ಲೂ ಮಗ್ಗ. ಮಗ್ಗದ ಸದ್ದಿನಲ್ಲಿ ಗಟ್ಟಿಯಾಗಿ ಮಾತಾಡಿ ಮಾತಾಡಿ ನನ್ನ ದನಿಯೇ ಒರಟಾಯಿತು. ಪ್ರಶ್ನೆ ಕೇಳುವ ಜನ. ನಾನು ಆ ಊರು ಬಿಟ್ಟ ಎಷ್ಟೋ ವರ್ಷದ ಮೇಲೆ ಪೋಲಿಯೊಗೆ ಹನಿಯ ಜೊತೆಗೆ ಸೂಜಿಯೂ ಬಂದಾಗ ಒಬ್ಬ ನೇಕಾರ ಮಗ್ಗ ನಿಲ್ಲಿಸಿ, ಸೂಜಿ ಹಾಕಿದ ಮೇಲೆ ಹನಿ ಯಾಕೆ, ನಿಮ್ಮಲ್ಲಿ ಮಿಕ್ಕಿದೆಯಾ ಎಂದು ಕೇಳಿದನಂತೆ. ಅಲ್ಲಿನ ನರ್ಸ್ ನನಗೆ ಫೋನ್ ಮಾಡಿ ಏನು ಹೇಳಲಿ ಎಂದಳು. ಅಷ್ಟು ಹೊತ್ತಿಗೆ ನನಗೆ ಉತ್ತರ ಗೊತ್ತಿತ್ತು. ಸೂಜಿಯಿಂದ ರಕ್ತದಲ್ಲಿ ಕಾವಲು ಬರುತ್ತದೆ, ಮಗುವಿಗೆ ಕಾಲು ಹೋಗುವುದಿಲ್ಲ. ಆದರೆ ಆ ರೋಗ ಒಳಗೆ ಬರುವುದು ಬಾಯಿಯಿಂದ, ಬೆಳೆಯುವುದು ಕರುಳಲ್ಲಿ. ಕರುಳಲ್ಲೇ ಕಾವಲು ನಿಲ್ಲಿಸಲು ಹನಿ ಬೇಕು. ಇಲ್ಲದಿದ್ದರೆ ಮಗು ಚೆನ್ನಾಗಿದ್ದರೂ ಅದರ ಮಲದಿಂದ ಪಕ್ಕದ ಮನೆಗೆ ಹೋಗುತ್ತದೆ. ಹೀಗೆ ಹೇಳು ಎಂದೆ. ಹೇಳಿದಳು. ಅವನು ಒಪ್ಪಿ ಮಗುವನ್ನು ತಾನೇ ಎತ್ತಿಕೊಂಡು ಬಂದನಂತೆ.

ಈ ಉತ್ತರದ ಮೂಲ ನನಗೆ ಸಿಕ್ಕಿದ್ದು ಎಡಪ್ಪಾಡಿಗೆ ಹೋದ ನಾಲ್ಕನೆಯ ವರ್ಷ, ವಸಂತಿ ಎಂಬ ಡಾಕ್ಟರಮ್ಮನಿಂದ. ಅವರು ನಮಗೆ ಮೂರು ದಿನದ ತರಬೇತಿ ಕೊಡಲು ಬಂದಿದ್ದರು. ನನ್ನ ಅಷ್ಟೂ ವರ್ಷಗಳ ಕೆಲಸದಲ್ಲಿ, ನರ್ಸುಗಳಿಗೆ ‘ಯಾಕೆ’ ಎಂಬುದನ್ನು ಹೇಳಬೇಕು ಎಂದು ತಿಳಿದುಕೊಂಡಿದ್ದ ಮೊದಲ ಮೇಲಧಿಕಾರಿ ಅವರು. ಚರ್ಮ ಮುಚ್ಚಿದ ಕಡೆ ರೋಗಾಣು ಸುಲಭವಾಗಿ ನುಗ್ಗಲಾರದು ಎಂದರು. ಅದು ನುಗ್ಗುವುದು ಒದ್ದೆ ಇರುವ ಕಡೆ. ಕಣ್ಣು, ಮೂಗು, ಬಾಯಿ, ಶ್ವಾಸದ ದಾರಿ, ಕರುಳು. ಅಲ್ಲೆಲ್ಲ ಒಳಮೈಗೆ ಒಂದು ತೆಳುವಾದ ಲೋಳೆಪೊರೆ. ಅದನ್ನು ಕಾಯಲು ದೇಹ ತನ್ನ ಸ್ರಾವಗಳಲ್ಲೇ ಪ್ರತಿಕಾಯಗಳನ್ನು ಇಟ್ಟಿದೆ. ಕಣ್ಣೀರಿನಲ್ಲಿದೆ, ಎಂಜಲಿನಲ್ಲಿದೆ, ಮೂಗಿನ ಸಿಂಬಳದಲ್ಲಿದೆ, ತಾಯಿಯ ಹಾಲಿನಲ್ಲಿದೆ. ರೋಗಾಣು ರೋಗ ತರಬೇಕಾದರೆ ಮೊದಲು ಗೋಡೆಗೆ ಅಂಟಬೇಕು. ಈ ಪ್ರತಿಕಾಯ ಅದನ್ನು ಅಂಟುವ ಮೊದಲೇ ಹಿಡಿಯುತ್ತದೆ. ಹಿಡಿದದ್ದು ಲೋಳೆಯಲ್ಲಿ ಸಿಕ್ಕಿ ಹೊರಗೆ ಹೋಗುತ್ತದೆ. ಹುಟ್ಟಿದಾಗ ಮಗುವಿನ ಕರುಳು ತಾನಾಗಿ ಇದನ್ನು ಮಾಡಿಕೊಳ್ಳಲಾರದು, ಅದಕ್ಕೆ ತಿಂಗಳುಗಳು ಬೇಕು. ಅಲ್ಲಿಯವರೆಗೆ ತಾಯಿ ಕೊಡಬೇಕು. ಹಳದಿ ಬಣ್ಣದ ಮೊದಲ ಹಾಲಿನಲ್ಲಿ ಅದು ಎಲ್ಲಕ್ಕಿಂತ ದಟ್ಟವಾಗಿರುತ್ತದೆ. ಹೊಟ್ಟೆಯ ಹುಳಿಯಲ್ಲಿ ಬೇಗ ಕರಗದಂತೆ ಅದಕ್ಕೆ ಒಂದು ರಕ್ಷೆಯ ತುಣುಕನ್ನೂ ದೇಹವೇ ಕಟ್ಟಿ ಕಳಿಸುತ್ತದೆ. ಅದು ಮಗುವಿನ ರಕ್ತಕ್ಕೆ ಸೇರುವುದಿಲ್ಲ. ಕರುಳ ಗೋಡೆಯ ಮೇಲೇ ನಿಂತು ಕಾಯುತ್ತದೆ.

ನಾನು ಎದ್ದು ನಿಂತು, ತಾಯಿಗೇ ಭೇದಿ ಇದ್ದರೆ ಎಂದು ಕೇಳಿದೆ.

ಅವರು ಬೋರ್ಡಿನ ಮೇಲೆ ಒಂದು ಹೆಂಗಸಿನ ಚಿತ್ರ ಬರೆದರು. ಹೊಟ್ಟೆಯಿಂದ ಎದೆಗೆ ಒಂದು ಗೆರೆ ಎಳೆದರು. ತಾಯಿಯ ಕರುಳಿಗೆ ಯಾವ ರೋಗಾಣು ಬಂದಿದೆಯೋ ಅದನ್ನು ಅಲ್ಲಿನ ಜೀವಕಣಗಳು ಗುರುತು ಹಿಡಿದು ಕಲಿಯುತ್ತವೆ, ಕಲಿತ ಕಣಗಳು ರಕ್ತದಲ್ಲಿ ಹೊರಟು ಎದೆಗೆ ಬಂದು ಕೂರುತ್ತವೆ, ಅದೇ ರೋಗಾಣುವಿಗೆ ಬೇಕಾದ ಪ್ರತಿಕಾಯವನ್ನು ಹಾಲಿಗೆ ಬಿಡುತ್ತವೆ ಎಂದರು. ಮನೆಯಲ್ಲಿ ಯಾವ ಕಾಯಿಲೆ ಸುಳಿಯುತ್ತಿದೆಯೋ ಅದಕ್ಕೇ ಮದ್ದು ಆ ಹಾಲಿನಲ್ಲಿ ತಯಾರಾಗುತ್ತಿರುತ್ತದೆ. ಭೇದಿಯಾದ ತಾಯಿ ಕೈ ತೊಳೆದುಕೊಂಡು ಹಾಲು ಕೊಡಬೇಕು. ನಿಲ್ಲಿಸಬಾರದು. ನಿಲ್ಲಿಸಿ ಬಾಟಲಿ ಕೊಟ್ಟರೆ ಕಾವಲುಗಾರನನ್ನು ಕಳಿಸಿ ಕಳ್ಳನಿಗೆ ಬಾಗಿಲು ತೆಗೆದ ಹಾಗೆ.

ನಾನು ಕುಳಿತೆ. ಊಟದ ಹೊತ್ತಿನಲ್ಲಿ ಅವರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ, ಫಾರಂನಲ್ಲಿ ಬರೆದದ್ದನ್ನೂ. ಹಾಲು ಕೊಟ್ಟಿದ್ದರೆ ಮಗು ಉಳಿಯುತ್ತಿತ್ತೇ ಎಂದೂ ಕೇಳಿದೆ. ಅದನ್ನು ಯಾರೂ ಆಣೆ ಮಾಡಿ ಹೇಳಲಾರರು, ಆದರೆ ಉಳಿಯುವ ದಾರಿ ಅದೇ ಆಗಿತ್ತು ಎಂದರು. ಆಮೇಲೆ, ನೀನು ಬರೆದ ಫಾರಂ ತಿದ್ದುವುದು ನನ್ನ ಕೈಯಲ್ಲಿಲ್ಲ, ಆ ಮುದುಕಿ ಎಲ್ಲಿದ್ದಾಳೆ ಎಂದು ಕೇಳಿದರು. ಅದಕ್ಕಿಂತ ಹೆಚ್ಚು ಬೈಯಲಿಲ್ಲ.

ಮುಂದಿನ ಭಾನುವಾರ ಪಾಲಕೋಡಿಗೆ ಬಸ್ಸು ಹತ್ತಿದೆ.

ಹಟ್ಟಿಯ ಮನೆಯಲ್ಲಿ ಕರಿಯಮ್ಮ ಇರಲಿಲ್ಲ. ಚಿಕ್ಕತಾಯಿ ಮತ್ತೆ ಬಸುರಿ, ತಿಂಗಳು ತುಂಬುತ್ತಾ ಬಂದಿತ್ತು. ನಾಲ್ಕು ವರ್ಷದಿಂದ ಅತ್ತೆ ಕುರಿ ರೊಪ್ಪದ ಪಕ್ಕದ ಗುಡಿಸಲಲ್ಲೇ ಇದ್ದಾಳೆ ಎಂದು ಪಕ್ಕದ ಮನೆಯವರು ಹೇಳಿದರು. ಮಗು ಸತ್ತ ಮೇಲೆ ಮಾದಪ್ಪ ತಾಯಿಯ ಜೊತೆ ಮಾತು ಬಿಟ್ಟಿದ್ದನಂತೆ. ಎರಡು ಹೊತ್ತು ಮುದ್ದೆ ಕಳಿಸುತ್ತಿದ್ದರು. ಮನೆಯೊಳಕ್ಕೆ ಕರೆಯುತ್ತಿರಲಿಲ್ಲ.

ನಾನು ರೊಪ್ಪಕ್ಕೆ ಹೋದೆ. ಮುಳ್ಳಿನ ಬೇಲಿಯ ಒಳಗೆ ಕರಿಯಮ್ಮ ಒಂದು ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೇರೆ ಕುರಿಯ ಗಿಣ್ಣಿನ ಹಾಲಿನಲ್ಲಿ ಬಟ್ಟೆ ಅದ್ದಿ ಕುಡಿಸುತ್ತಿದ್ದಳು. ಮರಿಯ ತಾಯಿ ಈಯುವಾಗಲೇ ಸತ್ತಿತ್ತು. ನನ್ನನ್ನು ನೋಡಿ, ಕುಂತ್ಕೋ ನರ್ಸಮ್ಮ ಎಂದಳು. ನಾನು ಕೂರದೆ ಹೇಳಿದೆ. ನನ್ನ ತಪ್ಪು, ಅದನ್ನು ನಿನ್ನ ತಲೆಗೆ ಕಟ್ಟಿದೆ, ಕಾಗದದಲ್ಲೂ ಹಾಗೇ ಬರೆದೆ ಎಂದೆ. ಡಾಕ್ಟರಮ್ಮ ಹೇಳಿದ ಹಾಲಿನ ಕಥೆಯನ್ನೂ ಹೇಳಿದೆ. ಅವಳು ಮರಿಗೆ ಕುಡಿಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

“ಗಿಣ್ಣು ಕುಡೀದಿದ್ ಮರಿ ಉಳಿಯಾಕಿಲ್ಲ ಅಂತ ನಂಗ್ ಗೊತ್ತು,” ಎಂದಳು. “ಮನುಸ್ರ ಮಗೀಗೂ ಅಂಗೇ ಅಂತ ಯಾರೂ ಏಳ್ಲಿಲ್ಲ. ನೀನೂ ಅವತ್ತು ವಿಟಮಿನ್ ಅಂದೆ.”

ಮರಿಯ ಲೆಕ್ಕವೂ ಮಗುವಿನ ಲೆಕ್ಕವೂ ಪೂರಾ ಒಂದೇ ಅಲ್ಲ. ಮರಿಗೆ ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಪ್ರತಿಕಾಯ ಬರುವುದೇ ಇಲ್ಲ, ಗಿಣ್ಣಿನಿಂದಲೇ ಅದರ ರಕ್ತಕ್ಕೆ ಸೇರಬೇಕು. ಮಗುವಿಗೆ ರಕ್ತದ ಪಾಲು ಕರುಳುಬಳ್ಳಿಯಲ್ಲೇ ಬಂದಿರುತ್ತದೆ, ಹಾಲಿನದು ಕರುಳ ಕಾವಲಿಗೆ. ಇದನ್ನು ಮುಂದೆ ಓದಿ ತಿಳಿದೆ. ಅವತ್ತು ನಾನು, ಆಸ್ಪತ್ರೆಯಲ್ಲಿ ನನ್ನ ಹೆಸರು ಯಾಕೆ ಹೇಳಲಿಲ್ಲ ಅವ್ವ ಎಂದು ಮಾತ್ರ ಕೇಳಿದೆ.

“ನಿನ್ ಎಸ್ರು ಏಳಿದ್ರೆ ನಿನ್ನ ತೆಗೆದಾಕ್ತಿದ್ರು,” ಎಂದಳು ಕರಿಯಮ್ಮ. “ನಮ್ಮ ಅಟ್ಟಿಗೆ ನಡ್ಕೊಂಡ್ ಬಂದವ್ಳು ನೀನೊಬ್ಳೇ. ನಮ್ಮ ಮಾತಾಡವ್ಳು. ನೀನೂ ಓದ್ರೆ ಇನ್ಯಾರು ಬತ್ತಾರೆ ಅಂತ ಸುಮ್ಕಿದ್ದೆ. ನೀನು ಓಗೇ ಬಿಟ್ಟೆ.”

ನನ್ನ ಮೂವತ್ತು ವರ್ಷದ ಕೆಲಸದಲ್ಲಿ ಅಷ್ಟು ಕಠಿಣವಾದ ಮಾತನ್ನು ಯಾವ ಮೇಲಧಿಕಾರಿಯೂ ನನಗೆ ಹೇಳಿಲ್ಲ. ಅವಳು ಕಠಿಣವಾಗಿ ಹೇಳಲೂ ಇಲ್ಲ.

ಅವಳನ್ನು ಕರೆದುಕೊಂಡು ಮನೆಗೆ ಹೋಗಿ ಮಾದಪ್ಪನ ಮುಂದೆಯೂ ಚಿಕ್ಕತಾಯಿಯ ಮುಂದೆಯೂ ಅದೇ ಮಾತನ್ನು ಮತ್ತೆ ಹೇಳಿದೆ. ಮಾದಪ್ಪ ನನ್ನನ್ನು ಹೊಡೆಯುತ್ತಾನೆ ಎಂದುಕೊಂಡೆ. ಅವನು ತಾಯಿಯ ಕಾಲ ಬಳಿ ಕುಕ್ಕರಿಸಿ ಕುಳಿತು ಮುಖ ಮುಚ್ಚಿಕೊಂಡ. ಚಿಕ್ಕತಾಯಿ ಅಳಲಿಲ್ಲ. ಇನ್ನು ನಮ್ಮ ಮನೆಗೆ ಬರಬೇಡಿ ಎಂದಳು. ಅಷ್ಟೇ.

ಕಚೇರಿಗೂ ಬರೆದು ಕೊಟ್ಟೆ. ಮೆಮೊ ಬಂತು, ವಿಚಾರಣೆಯಾಯಿತು. ಅದರಲ್ಲಿ ಬರೆಯುವಂಥದ್ದೇನೂ ಇಲ್ಲ. ಪಾಲಕೋಡಿನ ಅದೇ ಉಪಕೇಂದ್ರಕ್ಕೇ ಹಾಕಿ ಎಂದು ಕೇಳಿಕೊಂಡೆ. ಯಾರೂ ಬಯಸದ ಜಾಗ, ಬೇಗ ಸಿಕ್ಕಿತು.

ಚಿಕ್ಕತಾಯಿಗೆ ಗಂಡು ಮಗುವಾಯಿತು. ಹೆರಿಗೆಯಾದದ್ದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ನಾನು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಅರ್ಧ ಗಂಟೆಯೊಳಗೆ ಕರಿಯಮ್ಮನೇ ಮಗುವನ್ನು ಎದೆಗೆ ಹಾಕಿದಳು, ಒಂದು ತೊಟ್ಟೂ ಚೆಲ್ಲಲಿಲ್ಲ, ಸೇನೈ ಇಡಲು ಬಂದ ನೆಂಟನನ್ನು ಬಾಗಿಲಿನಿಂದಲೇ ವಾಪಸ್ಸು ಕಳಿಸಿದಳು ಎಂದು ಒಳಗಿದ್ದ ನರ್ಸ್ ಬಂದು ಹೇಳಿದಳು. ಲಸಿಕೆಗೆ ಮಾತ್ರ ಚಿಕ್ಕತಾಯಿ ನನ್ನಲ್ಲಿಗೆ ಬರಲಿಲ್ಲ. ಮಗುವನ್ನು ಎತ್ತಿಕೊಂಡು ಪಾಲಕೋಡಿನವರೆಗೆ ಹೋಗಿ ಹಾಕಿಸಿಕೊಂಡು ಬರುತ್ತಿದ್ದಳು. ದಾರಿಯಲ್ಲಿ ಎದುರಾದರೆ ಸೆರಗು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದಳು. ನಾನು ಮಾತಾಡಿಸಲಿಲ್ಲ. ಅವಳ ಹಕ್ಕು ಅದು.

ಮಗುವಿಗೆ ಎಂಟು ತಿಂಗಳಾದಾಗ ಹಟ್ಟಿಯಲ್ಲಿ ಮತ್ತೆ ಭೇದಿ ಬಂತು. ಒಂದು ದಿನ ಬೆಳಿಗ್ಗೆ ಉಪಕೇಂದ್ರದ ಬೀಗ ತೆಗೆಯಲು ಹೋದರೆ ಚಿಕ್ಕತಾಯಿ ಮೆಟ್ಟಿಲ ಮೇಲೆ ಕುಳಿತಿದ್ದಳು. ತುಟಿ ಒಣಗಿತ್ತು, ಕಣ್ಣು ಒಳಕ್ಕೆ ಹೋಗಿತ್ತು. ಅಷ್ಟು ದೂರ ಹೇಗೆ ನಡೆದಳೋ. ಮಗು ಮಡಿಲಲ್ಲಿ ಚೆನ್ನಾಗಿಯೇ ಆಡುತ್ತಿತ್ತು. ಹಾಲಿಗೆ ಎಳೆಯುತ್ತಿತ್ತು. ಅವಳು ಅದರ ಕೈ ಹಿಡಿದು ತಡೆದಿದ್ದಳು.

“ನಂಗೆ ರಾತ್ರಿಯಿಂದ ಓಯ್ತಾ ಐತೆ,” ಎಂದಳು. ಮನೆಗೆ ಬರಬೇಡಿ ಎಂದ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ಮಾತು. “ಅತ್ತೆ ಕೊಡು ಅಂತಾರೆ. ನಂಗೆ ಬಯ ಆಯ್ತದೆ. ನೀವು ಏಳಿ. ಆಲು ಕೊಡ್ಲಾ, ಬ್ಯಾಡ್ವಾ?”

“ಕೊಡಮ್ಮ,” ಎಂದೆ. “ಈಗಲೇ ಕೊಡು.”

ಅವಳು ನನ್ನ ಮುಖವನ್ನೇ ನೋಡಿದಳು. ಅವಳ ಕೈಗೆ ಸೋಪು ಕೊಟ್ಟು ತೊಳೆಸಿದೆ. ಅವಳು ಗೋಡೆಗೆ ಒರಗಿ ಮಗುವನ್ನು ಎದೆಗೆ ಹಾಕಿಕೊಂಡಳು. ನಾನು ಒಂದು ಲೋಟದಲ್ಲಿ ಉಪ್ಪು-ಸಕ್ಕರೆ ನೀರು ಬೆರೆಸಿ ಅವಳಿಗೆ ಗುಟುಕು ಗುಟುಕಾಗಿ ಕುಡಿಸುತ್ತಾ, ಡಾಕ್ಟರಮ್ಮ ಬೋರ್ಡಿನ ಮೇಲೆ ಎಳೆದಿದ್ದ ಗೆರೆಯನ್ನು ಅವಳ ಹೊಟ್ಟೆಯಿಂದ ಎದೆಗೆ ಬೆರಳಿನಲ್ಲಿ ತೋರಿಸಿದೆ. ನಿನಗೆ ಬಂದಿರುವ ಕಾಯಿಲೆಯನ್ನು ತಡೆಯುವುದು ಇದೇ ಹಾಲಿನಲ್ಲಿ ಇದೆ, ನಿನ್ನ ಮೈ ಅದನ್ನು ಮಾಡುತ್ತಿದೆ ಎಂದೆ. ಬಾಯಲ್ಲಿ ಹೇಳಿದೆನೇ ಹೊರತು ಒಳಗೆ ನನಗೂ ಭಯವಿತ್ತು. ವಿಜ್ಞಾನ ಗೊತ್ತಿದ್ದ ಮಾತ್ರಕ್ಕೆ ಭಯ ಹೋಗುವುದಿಲ್ಲ.

ನಾಲ್ಕು ದಿನ ಬೆಳಿಗ್ಗೆಯೂ ಸಂಜೆಯೂ ಹಟ್ಟಿಗೆ ನಡೆದೆ. ಮನೆಯೊಳಗೆ ಹೋಗದೆ ಜಗುಲಿಯ ಮೇಲೇ ಕೂರುತ್ತಿದ್ದೆ. ಕರಿಯಮ್ಮ ನೀರನ್ನು ಕುದಿಸಿ ಕುದಿಸಿ ಇಡುತ್ತಿದ್ದಳು. ಮಗುವಿನ ಬಟ್ಟೆಯನ್ನು ಹೊರಗೆ ತಂದು ನನಗೆ ತೋರಿಸುತ್ತಿದ್ದಳು. ಎರಡನೆಯ ದಿನ ಮಗು ಎರಡು ಸಲ ನೀರಾಗಿ ಹೋಯಿತು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚಿಕ್ಕತಾಯಿ ಏನೂ ಕೇಳದೆ ಮಗುವನ್ನು ಮತ್ತೆ ಎದೆಗೆ ಹಾಕಿಕೊಂಡಳು. ಮೂರನೆಯ ದಿನ ಅದು ನಿಂತಿತು. ನಾಲ್ಕನೆಯ ದಿನ ಮಗು ಜಗುಲಿಗೆ ತೆವಳಿಕೊಂಡು ಬಂದು ನನ್ನ ಚೀಲವನ್ನು ಎಳೆಯಿತು.

ಐದನೆಯ ದಿನ ಹೋಗುವ ಅಗತ್ಯವಿರಲಿಲ್ಲ. ಅದು ಬುಧವಾರ, ಲಸಿಕೆಯ ದಿನ. ಉಪಕೇಂದ್ರದ ಮುಂದೆ ತಾಯಂದಿರ ಸಾಲಿತ್ತು. ತಲೆ ತಗ್ಗಿಸಿ ಒಬ್ಬೊಬ್ಬರದೇ ಕಾರ್ಡು ತೆಗೆದುಕೊಂಡು ನೋಡುತ್ತಿದ್ದೆ. ಒಂದು ಕಾರ್ಡಿನಲ್ಲಿ ಹಿಂದಿನ ಸಹಿಗಳೆಲ್ಲ ಪಾಲಕೋಡಿನವು. ತಲೆಯೆತ್ತಿದೆ. ಚಿಕ್ಕತಾಯಿ ನಿಂತಿದ್ದಳು, ಹಿಂದೆ ಕರಿಯಮ್ಮ.

“ಮುಂದಿನ ತಿಂಗ್ಳು ಒಂದ್ ಊಸಿ ಐತಂತೆ,” ಎಂದಳು ಚಿಕ್ಕತಾಯಿ. “ಎಂದು ಬರಬೇಕು ಅಂತ ಬರ್ದು ಕೊಡಿ. ಇಲ್ಲೇ ಆಕಿಸ್ತೀನಿ.”

ಒಂಬತ್ತು ತಿಂಗಳಿಗೆ ಹಾಕುವ ಸೂಜಿಯ ತಾರೀಕು ಬರೆದೆ. ನನ್ನ ಅಕ್ಷರ ಆವತ್ತು ದುಂಡಗಿರಲಿಲ್ಲ. ಅವಳು ಕಾರ್ಡನ್ನು ನೋಡಿ, ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗುವನ್ನು ಅತ್ತೆಯ ಕೈಗೆ ಕೊಟ್ಟು ನಡೆದಳು.